ಸ್ಪೈನಾ ಬೈಫಿಡಾ: ದೊಡ್ಡವರಾದ ಮೇಲೆ ಯಾರ ಬಳಿ ಹೋಗಬೇಕು?

ಮಾನ್ಯರೇ,

ಸ್ಪೈನಾ ಬೈಫಿಡಾ, ಅಂದರೆ ಗರ್ಭದಲ್ಲಿ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದೆ ಬೆನ್ನುಹುರಿಯ ನರಗಳಿಗೆ ಪೆಟ್ಟಾಗುವ ಸಮಸ್ಯೆಯೊಂದಿಗೆ ಹುಟ್ಟಿದ ನನ್ನ ಮಗಳು ಈಗ ದ್ವಿತೀಯ ಪಿಯುಸಿ. ಹುಟ್ಟಿದ ಕೂಡಲೇ ಬೆನ್ನಿನ ಶಸ್ತ್ರಚಿಕಿತ್ಸೆ, ತಲೆಯಲ್ಲಿ ತುಂಬುವ ನೀರನ್ನು ಬಸಿಯುವ ಕೊಳವೆ, ಅಂದರೆ ಶಂಟ್ ಅಳವಡಿಕೆ ಆದವು. ಗಂಡಾಂತರ ಕಳೆಯಿತು ಎಂದರು ನೆಂಟರೆಲ್ಲ. ಆದರೆ ಈ ಸಮಸ್ಯೆ ಮಗುವಿನ ಜತೆಗೇ ಬೆಳೆಯುತ್ತದೆ.

ಎಳವೆಯಲ್ಲಿ ಶಂಟ್ ಕಟ್ಟಿಕೊಳ್ಳುವ ಭಯ. ಮೈ ಎತ್ತರಕ್ಕೆ ಬೆಳೆಯುವ ವರ್ಷಗಳಲ್ಲಿ, ಹಳೆಯ ಗಾಯಕ್ಕೆ ಅಂಟಿಕೊಂಡ ಬೆನ್ನುಹುರಿ ಜಗ್ಗಿ, ನಡೆಯುತ್ತಿದ್ದ ಮಕ್ಕಳೂ ಕಾಲಿನ ಬಲ ಕಳೆದುಕೊಳ್ಳಬಹುದು. ಹದಿಹರೆಯದಲ್ಲಿ ತೂಕ ಏರುತ್ತದೆ, ಸ್ಪರ್ಶ ತಿಳಿಯದ ಪಾದದಲ್ಲಿ ಹುಣ್ಣಾಗುತ್ತದೆ. ಎಲ್ಲಕ್ಕಿಂತ ನನಗೆ ಹೆದರಿಕೆ ಕಿಡ್ನಿಯದು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಒತ್ತಡ ಹೆಚ್ಚಿದರೆ, ನೋವೇ ಇಲ್ಲದೆ ಕಿಡ್ನಿ ಹಾಳಾಗುತ್ತಾ ಹೋಗಬಹುದು. ಹಾಗಾಗಿ ಕೆಲವು ಗಂಟೆಗೊಮ್ಮೆ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಹಾಕಿಕೊಳ್ಳಲೇಬೇಕು. ಅದನ್ನು ಅವಳೇ ಕಲಿತಿದ್ದಾಳೆ. ಆದರೆ ಕಾಲೇಜಿನಲ್ಲಿ ಚಿಲಕವಿರುವ ಚೊಕ್ಕಟ ಶೌಚಾಲಯವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ!

ಈಗ ಮಕ್ಕಳ ವಿಭಾಗದವರು '18 ತುಂಬುತ್ತಿದೆ, ದೊಡ್ಡವರ ವಿಭಾಗಕ್ಕೆ ಹೋಗಿ' ಎನ್ನುತ್ತಿದ್ದಾರೆ. ಅಲ್ಲಿ ನರಕ್ಕೆ ಒಂದು ಚೀಟಿ, ಮೂತ್ರಕ್ಕೆ ಇನ್ನೊಂದು, ಮೂಳೆಗೆ ಮತ್ತೊಂದು ದಿನ. ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನವಾದರೂ ಈ ತಜ್ಞರೆಲ್ಲ ಒಟ್ಟಿಗೆ ಕೂತು ಇಂಥ ಯುವಜನರನ್ನು ನೋಡಲಿ. ಕ್ಯಾಥೆಟರ್ ಉಚಿತವಾಗಿ ಕೊಡಲಿ.

ಇನ್ನೊಂದು ಮಾತು. ಮಗುವಿಗೆ ಈ ಸಮಸ್ಯೆ ಬರುವ ಸಾಧ್ಯತೆ ತಗ್ಗಿಸಲು, ಮಗು ಬೇಕೆನ್ನುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಎಂಬ ವಿಟಮಿನ್ ಶುರುಮಾಡಬೇಕು. ಮುಂದೆ ಮಿದುಳು, ಬೆನ್ನುಹುರಿಯಾಗುವ ಭ್ರೂಣದ ನರನಾಳ ಮುಚ್ಚುವುದು ಮೊದಲ 28 ದಿನಗಳಲ್ಲೇ. ಎಷ್ಟೋ ಜನರಿಗೆ ಆಗಿನ್ನೂ ಬಸಿರಾಗಿರುವುದೇ ಗೊತ್ತಿರುವುದಿಲ್ಲ.

– ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು