ಎಂಟರ್ ಒತ್ತುವ ಮೊದಲು

ಸಿರಸಿ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ಎರಡು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟು ಬಂದು ಹೋಗಿ ಮಾಡುತ್ತಿದೆ. "ಲಿನಕ್ಸ್ ಕಮಾಂಡು ನೂರಾರಿವೆ, ಬಾಯಿಪಾಠ ಆಗ್ತಾ ಇಲ್ಲ" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಅದೇ ತಲೆಯಲ್ಲಿ ಕೂತಿದೆ. ಲಿನಕ್ಸ್ ಅಂದರೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ, ಕಮಾಂಡು ಅಂದರೆ ಅದಕ್ಕೆ ಟೈಪ್ ಮಾಡಿ ಕೊಡುವ ಅಪ್ಪಣೆ, ಅಷ್ಟೇ. ಬಾಯಿಪಾಠ ಮಾಡಲೇಬೇಡ. ಯಾವ ಫೋಲ್ಡರಿನಲ್ಲಿದ್ದೇನೆ ಅಂತ ಪಿಡಬ್ಲ್ಯೂಡಿ (pwd) ಹೇಳುತ್ತದೆ, ಅದರಲ್ಲಿ ಏನೇನಿದೆ ಅಂತ ಎಲ್‌ಎಸ್ (ls), ಬೇರೆ ಫೋಲ್ಡರಿಗೆ ಹೋಗಲು ಸಿಡಿ (cd). ಮರೆತರೆ ಮ್ಯಾನ್ (man) ಅಂತ ಹೊಡೆದು ಕಮಾಂಡಿನ ಹೆಸರು ಕೊಡು, ಅದರ ಕೈಪಿಡಿ ತೆರೆಯುತ್ತದೆ. ಮೊದಲ ವಾರಕ್ಕೆ ಇಷ್ಟು ಸಾಕು.

ಆಮೇಲೆ ಪೈಪ್ ಕಲಿ. ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಆ ನೆಟ್ಟಗಿನ ಗೆರೆ. ನನಗೆ ಇದರಷ್ಟು ಇಷ್ಟವಾದದ್ದು ಬೇರೆ ಇಲ್ಲ. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಇದು ಬೇಕು ಅಂತ ವರ್ಷಗಟ್ಟಲೆ ಹೇಳುತ್ತಲೇ ಇದ್ದರು, 1973ರಲ್ಲಿ ಅಲ್ಲಿಯೇ ಇದ್ದ ಕೆನ್ ಥಾಂಪ್ಸನ್ ಇದನ್ನು ಯುನಿಕ್ಸ್‌ಗೆ, ಅಂದರೆ ಲಿನಕ್ಸ್‌ಗೆ ಮಾದರಿಯಾದ ಹಳೇ ವ್ಯವಸ್ಥೆಗೆ, ಸೇರಿಸಿದರು. ನಮ್ಮ ಅಡಿಕೆ ಮಾರಿದ ಪಟ್ಟಿಯನ್ನೇ ತೆಗೆದುಕೋ. ಸಾಲಿಗೊಂದು ಚೀಲ, ಅದರ ಅಡಿಕೆಯ ಬಗೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು. ಯಾವುದು ಎಷ್ಟು ಚೀಲ? ಒಂದೇ ಥರದ ಸಾಲುಗಳನ್ನು ಎಣಿಸುವ ಯೂನಿಕ್ ಮೈನಸ್ ಸಿ (uniq -c) ಸೀದಾ ಹಾಕಿದರೆ ಲೆಕ್ಕ ತಪ್ಪುತ್ತದೆ. ಅದು ಪಕ್ಕಪಕ್ಕದ ಸಾಲುಗಳನ್ನು ಮಾತ್ರ ನೋಡುತ್ತದೆ. ನಡುವೆ ಒಂದು ಬೆಟ್ಟೆ ಬಂದರೆ ಚಾಲಿಯನ್ನು ಮತ್ತೆ ಒಂದರಿಂದ ಎಣಿಸುತ್ತದೆ. ಅದಕ್ಕೇ ಮೊದಲು ಸಾಲುಗಳನ್ನು ವಿಂಗಡಿಸುವ ಸಾರ್ಟ್ (sort), ಆಮೇಲೆ ಪೈಪ್, ಆಮೇಲೆ ಯೂನಿಕ್. ಅಜ್ಜಿ ಅಂಗಳದಲ್ಲಿ ಅಡಿಕೆ ಆರಿಸಿ ಬೇರೆಬೇರೆ ಗುಡ್ಡೆ ಹಾಕಿದ ಮೇಲೇ ಚೀಲ ತುಂಬುತ್ತಿದ್ದದ್ದು, ಅಲ್ವಾ?

ಈಗ ನಾನು ಹೇಳಲೇಬೇಕಾದ ಮಾತು. ಫೈಲು ಅಳಿಸುವ ಕಮಾಂಡು ಆರ್‌ಎಂ (rm). ಅದು ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಹೋಯಿತು ಅಂದರೆ ಹೋಯಿತು. ಒಂದು ರಾತ್ರಿ, ಚುಕ್ಕೆ ಬ್ಯಾಕ್ (.bak) ಅಂತ ಮುಗಿಯುವ ಹಳೇ ಫೈಲುಗಳನ್ನು ಅಳಿಸಲು ಕೂತೆ. ಸ್ಟಾರ್ (*) ಹೊಡೆದು, ಚುಕ್ಕೆಗೆ ಮೊದಲು ತಪ್ಪಿ ಒಂದು ಸ್ಪೇಸ್ ಹೊಡೆದುಬಿಟ್ಟೆ. ಒಂಟಿ ಸ್ಟಾರ್ ಅಂದರೆ ಶೆಲ್‌ಗೆ, ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಮಿಗೆ, ಆ ಫೋಲ್ಡರಿನ ಎಲ್ಲ ಫೈಲು. ನಿನ್ನ ಅಜ್ಜ ದಿನಾ ಬೆಳಿಗ್ಗೆ ಅಳೆದು ಬರೆದಿಟ್ಟ ಮಳೆ ಲೆಕ್ಕ, ನಾನು ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ್ದು, ಒಂದು ಕ್ಷಣದಲ್ಲಿ ಇಲ್ಲ. ಪುಸ್ತಕ ತೆಗೆದು ಮತ್ತೆ ಟೈಪ್ ಮಾಡಿದೆ. ಅಷ್ಟರಲ್ಲಿ ಎರಡು ವರ್ಷದ ಹಾಳೆ ಗೆದ್ದಲು ತಿಂದಿತ್ತು. ಆ ಎರಡು ವರ್ಷ ಇವತ್ತಿಗೂ ಖಾಲಿ.

ಅದಕ್ಕೇ ಕೂಸೆ, ಆರ್‌ಎಂ ಬರೆಯುವ ಜಾಗದಲ್ಲಿ ಮೊದಲು ಎಕೋ (echo) ಬರೆದು ನೋಡು. ಯಾವ ಯಾವ ಫೈಲು ಹೋಗುತ್ತದೆ ಅಂತ ಹೆಸರು ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಸ್ಕ್ರಿಪ್ಟ್ ಬಗ್ಗೆ ಸುಮ್ನೆ ಹೆದರಬೇಡ. ಒಂದೇ ಕೆಲಸವನ್ನು ಮೂರನೇ ಸಲ ಟೈಪ್ ಮಾಡುತ್ತಿದ್ದೀಯ ಅಂದರೆ ಆ ಸಾಲುಗಳನ್ನು ಒಂದು ಫೈಲಿಗೆ ಹಾಕು, ಅದೇ ಸ್ಕ್ರಿಪ್ಟ್. ಸ್ಕ್ರಿಪ್ಟಿನಲ್ಲಿ ಫೈಲಿನ ಹೆಸರನ್ನು ಹಿಡಿದಿಡುವ ವೇರಿಯಬಲ್‌ಗೆ ಮಾತ್ರ ಡಬಲ್ ಕೋಟ್ ಹಾಕುವುದನ್ನು ಬಿಡಬೇಡ. ಬಿಟ್ಟರೆ 'ಮಳೆ ಲೆಕ್ಕ' ಅನ್ನುವ ಒಂದೇ ಫೈಲನ್ನು ಬ್ಯಾಷ್ ಅನ್ನುವ ಶೆಲ್ 'ಮಳೆ' ಒಂದು, 'ಲೆಕ್ಕ' ಒಂದು ಅಂತ ಎರಡು ಮಾಡಿಕೊಳ್ಳುತ್ತದೆ.

ದೀಪಾವಳಿಗೆ ಬರುತ್ತೀಯಲ್ಲ? ಅಜ್ಜನ ಮಳೆ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡುವ ಸ್ಕ್ರಿಪ್ಟ್ ಒಂದು ಬರೆದು ತಾ. ಇಬ್ಬರೂ ಕೂತು ಓಡಿಸೋಣ. ನಿನಗೆ ಅಂತ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಭರಣಿಗೆ ಹಾಕಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ