ಮಸುಕಾದ ಫೋಟೊ ಬಟನ್‌ಗೆ ಸಿಸ್ಟಮ್ ಫಾರ್ಮ್ಯಾಟ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಅರ್ಜಿ, ಬಯೋಡೇಟಾ, ಪ್ರಾಜೆಕ್ಟ್ ವರದಿಗಳ ಹಂಗಾಮು ಬಂತೆಂದರೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಯ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ ಒಂದೇ ದೂರು. ವರ್ಡ್‌ನಲ್ಲಿ ಫೋಟೊ ಕೂತಿದೆ, ಆದರೆ ಅದನ್ನು ತಿದ್ದುವ ಬಟನ್‌ಗಳು ಮಸುಕಾಗಿವೆ, ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಸಿಗುವ ಉತ್ತರವೂ ಒಂದೇ: ‘ವರ್ಡ್ ಕರಪ್ಟ್ ಆಗಿದೆ, ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಿ.’ ವಿದ್ಯಾರ್ಥಿ ದುಡ್ಡು ಕೊಟ್ಟು ಮಾಡಿಸುತ್ತಾನೆ. ಅದೇ ಫೈಲು ತೆರೆದಾಗ ಬಟನ್ ಮತ್ತೆ ಮಸುಕು! ದೋಷ ಬಹುಪಾಲು ವರ್ಡ್‌ನದ್ದಲ್ಲ, ತೆರೆದಿರುವ ಫೈಲಿನದ್ದು. ಅದನ್ನು ಪತ್ತೆ ಹಚ್ಚಲು ಐದು ನಿಮಿಷ ಸಾಕು. ಈ ಕೆಲಸ ಬಲ್ಲವರು ಇದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇವೆ.

ಮೊದಲು ಕಂಟ್ರೋಲ್ ಮತ್ತು ಎನ್ ಒತ್ತಿ ಖಾಲಿ ಫೈಲು ತೆರೆಯಿರಿ. ಅದೇ ಫೋಟೊವನ್ನು ಇನ್ಸರ್ಟ್ ಮೆನುವಿನಿಂದ ಹಾಕಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಮೇಲೆ ಪಿಕ್ಚರ್ ಫಾರ್ಮ್ಯಾಟ್ ಪಟ್ಟಿ ಬಂದು ಎಲ್ಲ ಬಟನ್‌ಗಳೂ ಕೆಲಸ ಮಾಡಿದರೆ ವರ್ಡ್ ಸರಿಯಾಗಿದೆ, ಕೈ ಹಚ್ಚಬೇಕಾದ್ದು ಹಳೇ ಫೈಲಿಗೆ.

ಈಗ ಹಳೇ ಫೈಲಿನ ನೆತ್ತಿಯ ಮೇಲೆ, ಅದರ ಹೆಸರಿನ ಪಕ್ಕ ‘ಕಂಪ್ಯಾಟಿಬಿಲಿಟಿ ಮೋಡ್’ (ಹಳೇ ವರ್ಡ್‌ಗೆ ಹೊಂದಿಕೊಂಡು ನಡೆಯುವ ಸ್ಥಿತಿ) ಎಂದಿದೆಯೇ ನೋಡಿ. ನಮ್ಮ ಕಡೆ ಮುಖ್ಯ ಕಾರಣ ಇದೇ. 2003ರವರೆಗಿನ ವರ್ಡ್ ಫೈಲನ್ನು ಡಾಕ್ ಎಂಬ ಬಾಲದೊಂದಿಗೆ ಉಳಿಸುತ್ತಿತ್ತು. ಡಾಕ್‌ಎಕ್ಸ್ ಬಂದದ್ದು 2007ರಲ್ಲಿ. ಫೋಟೊದ ಹಿನ್ನೆಲೆ ತೆಗೆಯುವ ರಿಮೂವ್ ಬ್ಯಾಕ್‌ಗ್ರೌಂಡ್, ಚಿತ್ರಕ್ಕೆ ಬಗೆಬಗೆಯ ರೂಪ ಕೊಡುವ ಆರ್ಟಿಸ್ಟಿಕ್ ಎಫೆಕ್ಟ್ಸ್ ಬಂದದ್ದು 2010ರ ಆವೃತ್ತಿಯಲ್ಲಿ. ಹಳೇ ಡಾಕ್ ಫೈಲಿಗೆ ಇವನ್ನು ಉಳಿಸಿಕೊಳ್ಳುವ ಶಕ್ತಿಯೇ ಇಲ್ಲ, ಹಾಗಾಗಿ ವರ್ಡ್ ತಾನಾಗಿ ಆ ಬಟನ್‌ಗಳನ್ನು ಮುಚ್ಚಿಡುತ್ತದೆ. ಕ್ರಾಪ್ ಆಗುತ್ತದೆ, ಹಿನ್ನೆಲೆ ತೆಗೆಯಲು ಮಾತ್ರ ಆಗುತ್ತಿಲ್ಲ ಎಂದರೆ ಅನುಮಾನವೇ ಬೇಡ. ಕಂಪ್ಯೂಟರಿನಲ್ಲಿರುವುದೇ ವರ್ಡ್ 2007 ಆಗಿದ್ದರೆ ಆ ಬಟನ್ ಹುಡುಕಬೇಡಿ, ಅದರಲ್ಲಿ ಇಲ್ಲವೇ ಇಲ್ಲ.

ಪರಿಹಾರ ಸರಳ. ಮೊದಲು ಫೈಲಿನ ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ. ಫೈಲ್ ಮೆನು, ಇನ್ಫೋ, ಕನ್ವರ್ಟ್ ಒತ್ತಿ, ಓಕೆ ಕೊಟ್ಟು ಸೇವ್ ಮಾಡಿ. ಸೇವ್ ಆ್ಯಸ್ ಮೂಲಕ ಮಾಡುವವರು ವರ್ಡ್ ಡಾಕ್ಯುಮೆಂಟ್ ಆರಿಸಿದ ಮೇಲೆ, ಕೆಳಗೆ ‘ಹಳೇ ಆವೃತ್ತಿಗಳ ಜೊತೆ ಹೊಂದಾಣಿಕೆ ಉಳಿಸು’ ಎಂಬರ್ಥದ, ಮೇಂಟೇನ್ ಕಂಪ್ಯಾಟಿಬಿಲಿಟಿ ಎಂದು ಶುರುವಾಗುವ ಚೌಕದಲ್ಲಿ ಟಿಕ್ ಇಲ್ಲದಂತೆ ನೋಡಿಕೊಳ್ಳಬೇಕು. ಟಿಕ್ ಇದ್ದರೆ ಬಾಲ ಡಾಕ್‌ಎಕ್ಸ್ ಆಗಿರುತ್ತದೆ, ಒಳಗಿನ ಕಟ್ಟುಪಾಡು ಹಾಗೇ ಉಳಿದಿರುತ್ತದೆ. ಫೈಲಿನ ಹೆಸರು ಬದಲಿಸಿ ಕೊನೆಗೆ ಡಾಕ್‌ಎಕ್ಸ್ ಎಂದು ಟೈಪ್ ಮಾಡುವುದರಿಂದಲೂ ಏನೂ ಆಗದು. ಕನ್ವರ್ಟ್ ಆದ ಮೇಲೂ ಮೊದಲೇ ಇದ್ದ ಫೋಟೊ ಜಗ್ಗದಿದ್ದರೆ ಅದನ್ನು ಅಳಿಸಿ ಹೊಸದಾಗಿ ಇನ್ಸರ್ಟ್ ಮಾಡಿ.

ಇಲ್ಲೊಂದು ಹೆದರಿಕೆಯ ಮಾತು ಬರುತ್ತದೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳನ್ನು ಕನ್ವರ್ಟ್ ಮಾಡಿದರೆ ಕನ್ನಡ ಅಕ್ಷರ ಕೆಡುತ್ತವೆ ಎಂದು ಎಷ್ಟೋ ಅಂಗಡಿಗಳವರು ಮುಟ್ಟುವುದೇ ಇಲ್ಲ. ಈ ಕನ್ವರ್ಟ್ ಅಕ್ಷರದ ಸಂಕೇತವನ್ನು ಬದಲಿಸುವುದಿಲ್ಲ, ಫೈಲಿನ ಕಟ್ಟಡವನ್ನಷ್ಟೇ ಬದಲಿಸುತ್ತದೆ. ಯುನಿಕೋಡ್‌ಗೆ ಪರಿವರ್ತಿಸುವ ಕೆಲಸವೇ ಬೇರೆ, ಎರಡನ್ನೂ ಬೆರೆಸಬಾರದು. ಆ ಫಾಂಟು ಕಂಪ್ಯೂಟರಿನಲ್ಲಿ ಇರುವವರೆಗೆ ಅಕ್ಷರ ಮೊದಲಿನಂತೆಯೇ ಕಾಣುತ್ತವೆ. ಹೆಚ್ಚೆಂದರೆ ಸಾಲು, ಪುಟ ಒಡೆಯುವ ಜಾಗ ಅಷ್ಟಿಷ್ಟು ಸರಿಯಬಹುದು, ಪ್ರಿಂಟ್‌ಗೆ ಮುಂಚೆ ಪುಟ ತಿರುವಿ ನೋಡಿದರೆ ಆಯಿತು.

ಖಾಲಿ ಫೈಲಿನಲ್ಲೂ ಬಟನ್ ಮಸುಕಾಗಿದ್ದರೆ? ಆಗಲೂ ಫಾರ್ಮ್ಯಾಟ್ ಬೇಡ. ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿ ‘ಸೇವ್ ಫೈಲ್ಸ್ ಇನ್ ದಿಸ್ ಫಾರ್ಮ್ಯಾಟ್’ ಎದುರು ವರ್ಡ್ 97-2003 ಎಂದಿದೆಯೇ ನೋಡಿ. ಫೈಲು ಎಲ್ಲ ಕಂಪ್ಯೂಟರಿನಲ್ಲೂ ತೆರೆಯಲಿ ಎಂದು ಯಾರೋ ಯಾವಾಗಲೋ ಹಾಗೆ ಇಟ್ಟಿರುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಹೊಸ ಫೈಲೂ ಹುಟ್ಟುತ್ತಲೇ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲೇ ಹುಟ್ಟುತ್ತದೆ. ಅದನ್ನು ವರ್ಡ್ ಡಾಕ್ಯುಮೆಂಟ್‌ಗೆ ಬದಲಿಸಿ, ವರ್ಡ್ ಮುಚ್ಚಿ ತೆರೆಯಿರಿ. ನೆತ್ತಿಯ ಮೇಲೆ ‘ಅನ್‌ಲೈಸೆನ್ಸ್‌ಡ್’ ಅಥವಾ ‘ಆ್ಯಕ್ಟಿವೇಷನ್ ಫೇಲ್ಡ್’ ಎಂದಿದ್ದರೆ ಮಾತ್ರ ಕಥೆ ಬೇರೆ: ಪರವಾನಗಿ ಇಲ್ಲದ ವರ್ಡ್ ಎಷ್ಟೋ ಸಲ ಫೈಲು ತೋರಿಸುತ್ತದೆ ಅಷ್ಟೇ, ತಿದ್ದಲು ಬಿಡುವುದಿಲ್ಲ. ಪರವಾನಗಿಗೆ ದುಡ್ಡಿಲ್ಲದವರಿಗೆ ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇಮೇಜ್ ಪಟ್ಟಿ ಕಾಣಲು ಫೋಟೊ ಆಯ್ಕೆಯಾಗಿರಬೇಕು, ಎಡಿಟ್ ಮೆನುವಿನ ಎಡಿಟ್ ಮೋಡ್ ಚಾಲೂ ಇರಬೇಕು.

ಎರಡನೇ ಕಾರಣ ಫೋಟೊ ಕೂತಿರುವ ರೀತಿ. ವರ್ಡ್ ಫೋಟೊವನ್ನು ಸಾಮಾನ್ಯವಾಗಿ ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂದು ಕೂರಿಸುತ್ತದೆ, ಅಂದರೆ ಅದು ಸಾಲಿನೊಳಗಿನ ಒಂದು ದೊಡ್ಡ ಅಕ್ಷರದಂತೆ ವರ್ತಿಸುತ್ತದೆ. ಅಕ್ಷರವನ್ನು ಇನ್ನೊಂದು ಅಕ್ಷರದ ಮೇಲೆ ಹೊದಿಸಲು ಆಗದು, ಹಾಗಾಗಿ ಚಿತ್ರಗಳನ್ನು ಒಂದಾಗಿ ಕಟ್ಟುವ ಗ್ರೂಪ್, ಹಿಂದಿನ ಚಿತ್ರವನ್ನು ಮುಂದೆ ತರುವ ಬ್ರಿಂಗ್ ಫಾರ್ವರ್ಡ್ ಎಲ್ಲ ಮಸುಕು. ಫೋಟೊ ಆರಿಸಿ, ರ‍್ಯಾಪ್ ಟೆಕ್ಸ್ಟ್‌ನಲ್ಲಿ ಸ್ಕ್ವೇರ್ ಕೊಡಿ, ಬಟನ್ ಜೀವ ಪಡೆಯುತ್ತವೆ. ಗ್ರೂಪ್ ಮಾಡಲು ಒಂದಕ್ಕಿಂತ ಹೆಚ್ಚು ಚಿತ್ರಗಳು ಆಯ್ಕೆಯಾಗಿರಬೇಕು, ಅವುಗಳಲ್ಲಿ ಒಂದೂ ಇನ್ ಲೈನ್ ಆಗಿರಬಾರದು. ಅಕ್ಷರದ ಹಿಂದೆ ಸೇರಿಕೊಂಡು ಕ್ಲಿಕ್‌ಗೆ ಸಿಗದ ಚಿತ್ರವನ್ನು ಹಿಡಿಯಲು ಆಲ್ಟ್ ಮತ್ತು ಎಫ್10 ಒತ್ತಿ. ಬಲಗಡೆ ಬರುವ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಸಿಕ್ಕಿತು. ಲೆಟರ್‌ಹೆಡ್‌ನ ಲೋಗೊ ಹೆಡರ್‌ನಲ್ಲಿ ಇರುತ್ತದೆ. ಪುಟದ ತಲೆಭಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ ಒಳಹೋಗದೆ ಅದು ಕೈಗೆ ಬರುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಹೆಚ್ಚು ಕಾಡುವ ಇನ್ನೊಂದು ತೊಂದರೆಯನ್ನು ಇಲ್ಲೇ ಹೇಳಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿರಲಿ, ಸಾಲುಗಳು ಸಮನಾಗಿರಲಿ ಎಂದು ನಾವು ಸಾಲಿನ ಅಂತರವನ್ನು ‘ಎಗ್ಸ್ಯಾಕ್ಟ್‌ಲಿ’ ಎಂದು 18 ಅಥವಾ 20 ಪಾಯಿಂಟ್‌ಗೆ ಕಟ್ಟಿಹಾಕಿರುತ್ತೇವೆ. ಅಂಥ ಪ್ಯಾರಾದಲ್ಲಿ ಫೋಟೊ ಹಾಕಿದರೆ ಅಷ್ಟೇ ಎತ್ತರದ ಒಂದು ಪಟ್ಟಿ ಮಾತ್ರ ಕಾಣುತ್ತದೆ: ಮುಖವೇ ಇಲ್ಲ, ಅಂಗಿಯ ಕಾಲರಿನ ಕೆಳಗಿನ ತುಣುಕಷ್ಟೇ. ಫೋಟೊ ಹಾಳಾಗಿದೆ ಎಂದು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಪ್ರಯೋಜನವಿಲ್ಲ. ಫೋಟೊ ಇರುವ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು 1 ಒತ್ತಿದರೆ ಅಂತರ ಸಿಂಗಲ್ ಆಗಿ ಪೂರ್ತಿ ಫೋಟೊ ಕಾಣುತ್ತದೆ. ಉಳಿದ ಪ್ಯಾರಾಗಳ ಅಂತರ ಹಾಗೇ ಇರುತ್ತದೆ.

ವಾಟ್ಸ್‌ಆ್ಯಪ್, ಇ–ಮೇಲ್‌ನಿಂದ ಇಳಿಸಿಕೊಂಡ ಫೈಲಿನ ಮೇಲೆ ಹಳದಿ ಪಟ್ಟಿ ಕಂಡರೆ ಅದು ಪ್ರೊಟೆಕ್ಟೆಡ್ ವ್ಯೂ, ಅಂದರೆ ಓದಲು ಮಾತ್ರ ಬಿಡುವ ಸ್ಥಿತಿ. ಕಳಿಸಿದವರು ಗುರುತಿನವರೇ ಎಂದು ಖಾತ್ರಿ ಮಾಡಿಕೊಂಡು ಎನೇಬಲ್ ಎಡಿಟಿಂಗ್ ಒತ್ತಿ. ಹಳದಿ ಪಟ್ಟಿ ಇಲ್ಲದೆಯೂ ಇನ್ಸರ್ಟ್ ಮೆನುವಿನ ಪಿಕ್ಚರ್ಸ್ ಬಟನ್ನೇ ಮಸುಕಾಗಿದ್ದರೆ ರಿವ್ಯೂ ಮೆನುವಿನಲ್ಲಿ ರಿಸ್ಟ್ರಿಕ್ಟ್ ಎಡಿಟಿಂಗ್ ತೆರೆದು, ಕೆಳಗಿರುವ ಸ್ಟಾಪ್ ಪ್ರೊಟೆಕ್ಷನ್ ನೋಡಿ. ಪಾಸ್‌ವರ್ಡ್ ಕೇಳಿದರೆ ಫೈಲು ಕೊಟ್ಟವರನ್ನೇ ಕೇಳಬೇಕು. ಇನ್ನು ಎಸ್‌ವಿಜಿ, ಡಬ್ಲ್ಯುಎಂಎಫ್ ಬಗೆಯ ಗೆರೆಚಿತ್ರಗಳಿಗೆ ಹಿನ್ನೆಲೆ ತೆಗೆಯುವ ಸೌಲಭ್ಯ ಅನ್ವಯಿಸುವುದಿಲ್ಲ. ಜೆಪೆಗ್ ಅಥವಾ ಪಿಎನ್‌ಜಿ ಬೇಕು. ಇದ್ಯಾವುದೂ ಅಲ್ಲವೆಂದರೆ ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ತೆರೆಯಿರಿ, ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಅಲ್ಲಿ ಸರಿಯಾಗಿ ನಡೆದರೆ ಯಾವುದೋ ಆ್ಯಡ್–ಇನ್ (ವರ್ಡ್‌ಗೆ ಹೊರಗಿನಿಂದ ಸೇರಿಸಿದ ಪುಟ್ಟ ತಂತ್ರಾಂಶ) ಅಡ್ಡ ಬರುತ್ತಿದೆ, ಆಪ್ಷನ್ಸ್‌ನಲ್ಲಿ ಒಂದೊಂದಾಗಿ ಟಿಕ್ ತೆಗೆಯಿರಿ. ಅಲ್ಲೂ ನಡೆಯದಿದ್ದರೆ ಕಂಟ್ರೋಲ್ ಪ್ಯಾನೆಲ್‌ನಿಂದ ಆಫೀಸ್‌ನ ಕ್ವಿಕ್ ರಿಪೇರಿ. ಸಿಸ್ಟಮ್ ಫಾರ್ಮ್ಯಾಟ್ ಈ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ.

ಬಟನ್ ಸರಿಹೋದ ಮೇಲೆ ಜನ ಮರೆಯುವ ಸಂಗತಿಯೊಂದಿದೆ, ಇದರಲ್ಲಿ ಅಪಾಯವೂ ಇದೆ. ಆಧಾರ್ ಕಾರ್ಡಿನ ಸ್ಕ್ಯಾನ್ ಹಾಕಿ, ನಂಬರು ಕಾಣದಂತೆ ಫೋಟೊ ಭಾಗವನ್ನಷ್ಟೇ ಕ್ರಾಪ್ ಮಾಡಿ ಫೈಲು ಕಳಿಸುತ್ತಾರೆ. ಕ್ರಾಪ್ ಎಂದರೆ ಮರೆಮಾಡುವುದಷ್ಟೇ, ಕತ್ತರಿಸಿದ ಭಾಗ ಫೈಲಿನೊಳಗೇ ಇರುತ್ತದೆ. ಫೈಲು ಪಡೆದವರು ಕ್ರಾಪ್ ಒತ್ತಿ ಅಂಚು ಎಳೆದರೆ ನಂಬರು ಪೂರ್ತಿ ಕಾಣುತ್ತದೆ! ಕಳಿಸುವ ಮುಂಚೆ ಪಿಕ್ಚರ್ ಫಾರ್ಮ್ಯಾಟ್‌ನ ಕಂಪ್ರೆಸ್ ಪಿಕ್ಚರ್ಸ್ ತೆರೆದು, ಡಿಲೀಟ್ ಕ್ರಾಪ್ಡ್ ಏರಿಯಾಸ್‌ಗೆ ಟಿಕ್ ಹಾಕಿ ಓಕೆ ಕೊಟ್ಟು ಸೇವ್ ಮಾಡಲೇಬೇಕು. ಅಲ್ಲೇ ಪ್ರಿಂಟ್‌ಗಾದರೆ 220 ಪಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ), ಇ–ಮೇಲ್‌ಗಾದರೆ 96 ಆರಿಸಿಕೊಳ್ಳಬಹುದು. ಗ್ರಾಹಕರ ದಾಖಲೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಅಂಗಡಿಗಳವರು ಇದನ್ನು ರೂಢಿ ಮಾಡಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇವೆ.

ಅರ್ಜಿ ನಮೂನೆ ತಯಾರಿಸುವ ಶಾಲೆ, ಕಾಲೇಜು, ಸಂಘ–ಸಂಸ್ಥೆಗಳಲ್ಲೂ ಒಂದು ಕೋರಿಕೆ. ‘ಇಲ್ಲಿ ಭಾವಚಿತ್ರ ಅಂಟಿಸಿ’ ಎಂದು ಬರೀ ಚೌಕ ಬರೆದು ಫೈಲಿಗೆ ಬೀಗ ಹಾಕಿದರೆ ಅರ್ಜಿದಾರ ಫೋಟೊ ಹಾಕುವುದಾದರೂ ಹೇಗೆ? ನಮೂನೆಯನ್ನು ಡಾಕ್‌ಎಕ್ಸ್‌ನಲ್ಲೇ ಮಾಡಿ. ಆಪ್ಷನ್ಸ್‌ನ ಕಸ್ಟಮೈಸ್ ರಿಬ್ಬನ್‌ನಲ್ಲಿ ಡೆವಲಪರ್‌ಗೆ ಟಿಕ್ ಹಾಕಿದರೆ ಆ ಮೆನು ಮೇಲೆ ಬರುತ್ತದೆ. ಅದರಲ್ಲಿರುವ ಪಿಕ್ಚರ್ ಕಂಟೆಂಟ್ ಕಂಟ್ರೋಲ್ ಅನ್ನು ಭಾವಚಿತ್ರದ ಜಾಗದಲ್ಲಿ ಕೂರಿಸಿ, ಪಾಸ್‌ಪೋರ್ಟ್ ಅಳತೆಗೆ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ ಕೊಡಿ. ಆಮೇಲೆ ರಿಸ್ಟ್ರಿಕ್ಟ್ ಎಡಿಟಿಂಗ್‌ನಲ್ಲಿ ಫಿಲ್ಲಿಂಗ್ ಇನ್ ಫಾರ್ಮ್ಸ್ ಆರಿಸಿ ಬೀಗ ಹಾಕಿ. ಆಗ ನಮೂನೆಯ ಒಂದಕ್ಷರವೂ ಕದಲುವುದಿಲ್ಲ, ಅರ್ಜಿದಾರ ಆ ಚೌಕದ ಮೇಲೆ ಕ್ಲಿಕ್ ಮಾಡಿ ತನ್ನ ಫೋಟೊ ಆರಿಸಿಕೊಳ್ಳುತ್ತಾನೆ. ಹಂಚುವ ಮುಂಚೆ ಬೇರೊಂದು ಕಂಪ್ಯೂಟರಿನಲ್ಲಿ ಒಮ್ಮೆ ತುಂಬಿ ನೋಡಿ.

– ಡಿಟಿಪಿ ಕೆಲಸದ ಓದುಗರು, ದಾವಣಗೆರೆ