ಸ್ಟೋರ್ ರೂಮಿನ ಬೀಗ ತೆಗೆಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ 11 ವರ್ಷದಿಂದ ಗ್ರೂಪ್ ಡಿ ಕೆಲಸ ಮಾಡುತ್ತಿರುವವಳು. ಹೊರಗುತ್ತಿಗೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು, ಊರಿನ ಹೆಸರು ಬರೆದಿಲ್ಲ. ಬರೆದರೆ ಏಜೆನ್ಸಿಯವರು ನಾಳೆಯೇ ಬೇರೆಯವಳನ್ನು ಕರೆತರುತ್ತಾರೆ.

ಕೇಳುತ್ತಿರುವುದು ಇಷ್ಟೇ. ಸ್ಟೋರ್ ರೂಮಿನ ಬೀಗ ತೆಗೆಸಿ, ಗ್ಲೌಸ್ ವಾರ್ಡಿನಲ್ಲಿ ಇಡಿಸಿ.

2016ರ ಬಯೋಮೆಡಿಕಲ್ ವೇಸ್ಟ್ ನಿಯಮವನ್ನು ನಿಮಗೆ ನಾನು ಹೇಳಿಕೊಡಬೇಕೇ ಸರ್? ಆಸ್ಪತ್ರೆ ಕಸ ಮುಟ್ಟುವವರಿಗೆ ರಕ್ಷಣಾ ಸಾಮಗ್ರಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ನಮ್ಮ ಸಿಸ್ಟರ್ ಒಬ್ಬರು ಮೊಬೈಲಿನಲ್ಲಿ ತೋರಿಸಿದರು. ಹೊರಗುತ್ತಿಗೆಯವರನ್ನು ಬಿಟ್ಟು ಅಂತ ಅದರಲ್ಲಿ ಇಲ್ಲ. ಆಸ್ಪತ್ರೆಯವರನ್ನು ಕೇಳಿದರೆ ಏಜೆನ್ಸಿ ಕೊಡಬೇಕು ಅಂತಾರೆ. ಏಜೆನ್ಸಿಯವರನ್ನು ಕೇಳಿದರೆ ಆಸ್ಪತ್ರೆ ಕೊಡಬೇಕು ಅಂತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನೊಗ ಮಾತ್ರ ನಮ್ಮ ಹೆಗಲ ಮೇಲೆ.

ಕಳೆದ ಆಷಾಢದ ಒಂದು ಭಾನುವಾರ ರಾತ್ರಿ. ಒಂದಾದ ಮೇಲೊಂದು ಮೂರು ಹೆರಿಗೆ. ವಾರ್ಡಿನ ಗ್ಲೌಸ್ ಡಬ್ಬ ಖಾಲಿ. ಸ್ಟೋರಿನ ಬೀಗದ ಕೈ ಇರುವವರ ಫೋನು ಸ್ವಿಚ್ ಆಫ್. ಹಾಗಂತ ನೆಲದ ಮೇಲಿನ ರಕ್ತ ಸೋಮವಾರದವರೆಗೆ ಕಾಯುತ್ತದೆಯೇ? ಯಾವಾಗಲೂ ಮಾಡುವ ಹಾಗೆ ಹಾಲಿನ ಪ್ಯಾಕೆಟ್ಟಿನ ಕವರನ್ನು ಕೈಗೆ ಹಾಕಿಕೊಂಡು, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡೆ. ಮಾಸು ಹಾಕಿದ ಹಳದಿ ಚೀಲದ ಬಾಯಿ ಕಟ್ಟುತ್ತಿದ್ದಾಗ ಬಲ ಅಂಗೈಗೆ ಚುಳ್ಳೆಂದಿತು. ಸೂಜಿ. ಸೂಜಿಗೆ ಬಿಳಿ ಡಬ್ಬ ಇದೆ, ಹಳದಿ ಚೀಲಕ್ಕೆ ಬರಬಾರದು. ಆದರೆ ಬಿಳಿ ಡಬ್ಬ ಗಂಟಲವರೆಗೆ ತುಂಬಿ ಎರಡು ದಿನವಾಗಿತ್ತು. ಬೇರೆ ಡಬ್ಬ ಎಲ್ಲಿತ್ತು ಅನ್ನುತ್ತೀರಿ? ಸ್ಟೋರಿನಲ್ಲಿ.

ಸೋಪು ಹಾಕಿ ನಲ್ಲಿ ನೀರಿನಲ್ಲಿ ಕೈ ತೊಳೆದೆ. ಯಾರಿಗೆ ಚುಚ್ಚಿದ ಸೂಜಿಯೋ ಗೊತ್ತಿಲ್ಲ. ಡ್ಯೂಟಿ ಡಾಕ್ಟರು, ಪಾಪ, ಒಳ್ಳೆಯವರು. ‘ಎಚ್‌ಐವಿ ಅಂಟದ ಹಾಗೆ ತಡೆಯುವ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕಮ್ಮ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ನಮ್ಮಲ್ಲಿ ಸ್ಟಾಕ್ ಇಲ್ಲ’ ಅಂದರು. ಬೆಳಗಿನ ಮೊದಲ ಬಸ್ಸಿಗೆ ಜಿಲ್ಲಾಸ್ಪತ್ರೆಗೆ ಹೋದೆ. ಎಚ್‌ಐವಿ ಇರುವವರಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಾಗ ನಮ್ಮ ಬೀದಿಯ ಹೆಂಗಸೊಬ್ಬಳು ನೋಡಿಕೊಂಡೇ ಹೋದಳು. ಮುಂದಿನದನ್ನು ನಾನು ಬರೆಯುವುದಿಲ್ಲ, ನೀವೇ ಊಹಿಸಿ.

28 ದಿನ ಗುಳಿಗೆ. ಹೊಟ್ಟೆ ತೊಳಸುವುದು, ತಲೆ ಸುತ್ತು. ಅತ್ತೆಗೆ ಕಾಣದ ಹಾಗೆ ರಾಗಿ ಡಬ್ಬದಲ್ಲಿ ಹೂತಿಟ್ಟು ನುಂಗಿದೆ. ರಕ್ತಪರೀಕ್ಷೆಗಳೆಲ್ಲ ಮುಗಿಯುವವರೆಗೆ ಗಂಡನನ್ನು ದೂರ ಇಟ್ಟೆ. ಅವರಿಗೆ ಏನಂತ ಹೇಳಲಿ? ಆ ಸೂಜಿಯಲ್ಲಿ ಎಚ್‌ಐವಿ ಇದ್ದರೂ ಅಂಟುವುದು 1000ಕ್ಕೆ ಮೂರು ಮಂದಿಗೆ ಮಾತ್ರ ಅಂತ ಕೌನ್ಸೆಲರ್ ಮೇಡಂ ಧೈರ್ಯ ಹೇಳಿದರು. ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ಅಂಟುತ್ತದೆ, ಲಸಿಕೆ ಆಗಿದೆಯಾ ಅಂತಲೂ ಕೇಳಿದರು. ನಾನು ನಕ್ಕುಬಿಟ್ಟೆ ಸರ್. ದೇವರು ದೊಡ್ಡವನು, ಏನೂ ಅಂಟಲಿಲ್ಲ. ಅಲೆದಾಡಿದ ಮೂರು ದಿನದ ಸಂಬಳವನ್ನು ಮಾತ್ರ ಏಜೆನ್ಸಿ ಮರೆಯದೆ ಹಿಡಿದುಕೊಂಡಿತು.

ಇದನ್ನೂ ಸಹಿಸಿಕೊಂಡಿದ್ದೆ. ಆಮೇಲೆ ತಪಾಸಣೆ ತಂಡ ಬಂತು.

ಅದರ ಹಿಂದಿನ ಸಂಜೆ ಸ್ಟೋರ್ ತೆರೆಯಿತು ನೋಡಿ! ಮೊಣಕೈವರೆಗಿನ ದಪ್ಪ ರಬ್ಬರ್ ಗ್ಲೌಸ್, ಏಪ್ರನ್, ಗಂಬೂಟು, ಮಾಸ್ಕು, ಕನ್ನಡಕ. ಇಷ್ಟೆಲ್ಲ ನಮ್ಮ ಆಸ್ಪತ್ರೆಯಲ್ಲೇ ಇತ್ತು! ನಮ್ಮನ್ನು ಮದುವಣಗಿತ್ತಿಯರ ಹಾಗೆ ಸಿಂಗರಿಸಿ ಸಾಲಾಗಿ ನಿಲ್ಲಿಸಿದರು. ಫೋಟೋ ತೆಗೆದರು. ತಂಡದ ಜೀಪು ಗೇಟು ದಾಟಿತೋ ಇಲ್ಲವೋ, ‘ಬಿಚ್ಚಿ ಕೊಡ್ರಮ್ಮ, ಲೆಕ್ಕ ತಪ್ಪುತ್ತೆ’ ಅಂದರು. ನನ್ನ ಗ್ಲೌಸಿನ ಒಳಗಿನ ಪೌಡರ್ ಕೂಡ ಉದುರಿರಲಿಲ್ಲ. ದಪ್ಪ ಗ್ಲೌಸ್ ಹಾಕಿದರೂ ಸೂಜಿ ಚುಚ್ಚಬಹುದು, ಗೊತ್ತು. ಹಾಲಿನ ಕವರಿಗಿಂತ ಮೇಲಲ್ಲವೇ?

ಆ ಬೀಗ ತೆಗೆಸಿ ಸರ್. ಗ್ಲೌಸ್ ಇಲ್ಲ ಅಂತಿದ್ದರೆ ಬಜೆಟ್ಟು, ಟೆಂಡರು ಅನ್ನುತ್ತಿದ್ದಿರಿ, ಸುಮ್ಮನಾಗುತ್ತಿದ್ದೆ. ಇದೆ. ಬೀಗ ಹಾಕಿದ್ದಾರೆ.

2020ರ ಮಾರ್ಚಿನಲ್ಲಿ ನಮಗಾಗಿ ತಟ್ಟೆ ಬಡಿದರು. ಮೇ ತಿಂಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವು ಸುರಿದರು. ನಮ್ಮೂರಿನವರೆಗೆ ಹೆಲಿಕಾಪ್ಟರ್ ಬರಲಿಲ್ಲ, ಬೇಡ. ನಮಗೆ ಹೂವು ಬೇಡ. ವಾರ್ಡಿಗೆ ಗ್ಲೌಸ್ ಡಬ್ಬ, ಸೂಜಿಗೆ ಬಿಳಿ ಡಬ್ಬ, ಭಾನುವಾರವೂ ಸಿಗುವ ಬೀಗದ ಕೈ. ಹೊರಗುತ್ತಿಗೆಯವರ ತೋಳಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು. ಒಂದು ಸುತ್ತೋಲೆ ಸಾಕು, ತಿಳಿಸದೆ ಬಂದು ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ತಿಳಿಸಿ ಬಂದರೆ ನಮ್ಮನ್ನು ಮತ್ತೆ ಸಿಂಗರಿಸುತ್ತಾರೆ.

ಇವತ್ತು ಭಾನುವಾರ, ನನಗೆ ನೈಟ್ ಡ್ಯೂಟಿ. ಎರಡು ಹಾಲಿನ ಕವರು ತೊಳೆದು ಬ್ಯಾಗಿಗೆ ಹಾಕಿಕೊಂಡಿದ್ದೇನೆ.

ಇತಿ,
ಹೆರಿಗೆ ವಾರ್ಡಿನ ಹೊರಗುತ್ತಿಗೆ ಕೆಲಸದವಳು